ಕಿತ್ತ ಹಣ್ಣಿನ ಉಸಿರು

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಗಿಡದಿಂದ ಕಿತ್ತು ಎರಡು ದಿನವಾದ ಪೇರಲ ಹಣ್ಣು ಜೀವಂತವಾಗಿದೆಯೆ, ಇಲ್ಲವೆ? ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ರೈತರು, ಅಧ್ಯಾಪಕರು, ವಿದ್ಯಾರ್ಥಿಗಳು ಸೇರಿರುವ ಇವತ್ತಿನ ಉಪನ್ಯಾಸಕ್ಕೆ ಈ ಒಂದು ಪ್ರಶ್ನೆಯನ್ನೇ ಆರಿಸಿಕೊಂಡಿದ್ದೇನೆ.

ಎಲ್ಲ ಜೀವಿಗಳೂ ಜೀವಕೋಶಗಳಿಂದ ಆಗಿವೆ ಎಂದು ಪ್ರೌಢಶಾಲೆಯ ಮಕ್ಕಳು ಬರೆಯುತ್ತಾರೆ, ಅಂಕ ಪಡೆಯುತ್ತಾರೆ. ಅದೇ ಮಕ್ಕಳಿಗೆ ಕೈಯಲ್ಲಿರುವ ಹಣ್ಣನ್ನು ತೋರಿಸಿ ಕೇಳಿದರೆ ತರಗತಿ ಮೂರು ಪಾಲಾಗುತ್ತದೆ. ಗಿಡಕ್ಕೆ ಜೀವ ಇದೆ, ಆದ್ದರಿಂದ ಹಣ್ಣಿಗೂ ಇದೆ ಎನ್ನುವವರು ಕೆಲವರು. ಕಿತ್ತ ಮೇಲೆ ಬೇರಿಲ್ಲ, ನೀರಿಲ್ಲ, ಆದ್ದರಿಂದ ಸತ್ತಿದೆ ಎನ್ನುವವರು ಬಹಳ ಮಂದಿ. ಬೀಜಕ್ಕೆ ಮಾತ್ರ ಜೀವ, ತಿರುಳಿಗೆ ಇಲ್ಲ ಎನ್ನುವವರು ಒಬ್ಬಿಬ್ಬರು. ಯಾರ ಉತ್ತರ ಸರಿ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು: ತಾಜಾ ಪೇರಲದ ತಿರುಳು ಬಹುಪಾಲು ಜೀವಂತ ಕೋಶಗಳಿಂದಲೇ ಆಗಿದೆ. ಆದರೆ ಆ ವಾಕ್ಯವನ್ನು ನನ್ನ ಮಾತಿನ ಮೇಲೆ ನಂಬಿ ಬರೆದುಕೊಂಡರೆ ನಿಮಗೆ ಏನೂ ದಕ್ಕುವುದಿಲ್ಲ. ಅಲ್ಲಿಗೆ ಹೋಗುವ ದಾರಿಯನ್ನು ನೀವೇ ನಡೆಯಬೇಕು. ಆ ದಾರಿಯಲ್ಲಿ ಸಿಗುವ ವಸ್ತುಗಳೆಲ್ಲ ನಿಮ್ಮ ಹೊಲದಲ್ಲಿ, ಅಡುಗೆಮನೆಯಲ್ಲಿ, ವಾರದ ಸಂತೆಯಲ್ಲಿ ಇವೆ.

ಮೊದಲನೆಯ ಗುಂಪಿನ ಕಾರಣದಿಂದ ಶುರು ಮಾಡೋಣ. ಹಣ್ಣು ಎಲ್ಲಿಂದ ಬಂತು? ಹೂವಿನ ಅಂಡಾಶಯದಿಂದ. ಪೇರಲದ ಬಿಳಿ ಹೂವು ಉದುರುವಾಗ ಅದರ ಬುಡದಲ್ಲಿ ಹಸಿರು ಗಂಟೊಂದು ಉಳಿಯುತ್ತದೆ. ಅದೇ ಬಲಿತು ಕಾಯಿ, ಕಾಯಿ ಮಾಗಿ ಹಣ್ಣು. ಸಸ್ಯಗಳೆಲ್ಲ ಕೋಶಗಳಿಂದ ಆಗಿವೆ ಎಂದು ಶ್ಲೈಡೆನ್ 1838ರಲ್ಲಿ ಹೇಳಿದ, ಪ್ರಾಣಿಗಳೂ ಹಾಗೆಯೇ ಎಂದು ಶ್ವಾನ್ 1839ರಲ್ಲಿ ಹೇಳಿದ, ಪ್ರತಿ ಕೋಶವೂ ಇನ್ನೊಂದು ಕೋಶದಿಂದಲೇ ಹುಟ್ಟುತ್ತದೆ ಎಂಬ ಮಾತನ್ನು 1855ರಲ್ಲಿ ವಿರ್ಕೋ ಗಟ್ಟಿಯಾಗಿ ನಿಲ್ಲಿಸಿದ. ಹಾಗಿದ್ದರೆ ಹೂವಿನ ಕೋಶಗಳಿಂದ ಹುಟ್ಟಿದ ಹಣ್ಣು ಕೋಶಗಳಿಂದಲ್ಲದೆ ಬೇರೆ ಯಾವುದರಿಂದ ಆಗಿರಲು ಸಾಧ್ಯ? ಈ ತರ್ಕ ಸರಿ. ಆದರೆ ಅರ್ಧ ದಾರಿಗೆ ನಿಂತುಬಿಡುತ್ತದೆ. ಹಣ್ಣು ಕೋಶಗಳಿಂದ ಆಗಿದೆ ಎಂದಷ್ಟೇ ಅದು ತೋರಿಸುತ್ತದೆ. ಆ ಕೋಶಗಳು ಈಗಲೂ ಬದುಕಿವೆ ಎಂದು ತೋರಿಸುವುದಿಲ್ಲ.

ಇವೆರಡರ ನಡುವಿನ ಅಂತರ ದೊಡ್ಡದು. ರಾಬರ್ಟ್ ಹುಕ್ 1665ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಬೆಂಡಿನ ತೆಳು ಚೂರನ್ನಿಟ್ಟು ಮೊದಲ ಬಾರಿಗೆ ಕೋಶಗಳನ್ನು ಕಂಡ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅವನು ಕಂಡದ್ದು ಸತ್ತ ಕೋಶಗಳ ಖಾಲಿ ಗೋಡೆಗಳನ್ನು. ಒಳಗಿದ್ದ ಜೀವ ಎಂದೋ ಹೋಗಿತ್ತು. ಅಷ್ಟು ದೂರದ ಉದಾಹರಣೆಯೂ ನಮಗೆ ಬೇಡ. ಈ ಎರೆಭೂಮಿಯವರಿಗೆ ಹತ್ತಿ ಗೊತ್ತು. ಹತ್ತಿಕಾಯಿ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಪೇರಲದಷ್ಟೇ ನಿಜವಾದ ಹಣ್ಣು. ಅದರೊಳಗಿನ ಬೀಜದ ಮೈಮೇಲಿನ ಪದರದಲ್ಲಿರುವ ಕೆಲವು ಕೋಶಗಳು, ಹೂವು ಅರಳಿದ ದಿನದಿಂದಲೇ ಉದ್ದವಾಗತೊಡಗುತ್ತವೆ. ಎರಡು ಮೂರು ವಾರ ಬೆಳೆಯುತ್ತವೆ. ಒಂದು ಎಳೆ ಎಂದರೆ ಒಂದೇ ಒಂದು ಕೋಶ. ಎರಡೂವರೆ ಮೂರು ಸೆಂಟಿಮೀಟರ್ ಉದ್ದ, ಅಗಲವಾದರೋ ಆ ಉದ್ದದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಆಮೇಲೆ ಅದು ಉದ್ದವಾಗುವುದನ್ನು ನಿಲ್ಲಿಸಿ ತನ್ನ ಗೋಡೆಗೆ ಒಳಗಿನಿಂದ ಪದರದ ಮೇಲೆ ಪದರ ಸೆಲ್ಯುಲೋಸ್ ಬಳಿಯುತ್ತದೆ. ಕಾಯಿ ಹಸಿರಾಗಿರುವಾಗ ಈ ಕೋಶ ಜೀವಂತ. ಕಾಯಿ ಒಡೆದು ಬಿಸಿಲಿಗೆ ಬಿಚ್ಚಿಕೊಂಡಾಗ ಒಳಗಿನ ದ್ರವ ಆರಿ, ಕೋಶ ಸತ್ತು, ಟೊಳ್ಳು ಕೊಳವೆ ಚಪ್ಪಟೆಯಾಗಿ ತಿರುಚಿಕೊಳ್ಳುತ್ತದೆ. ನೂಲಲು ಬರುವುದು ಆ ತಿರುಚಿನಿಂದಲೇ. ನಾವು ಉಟ್ಟ ಬಟ್ಟೆಯ ತುಂಬ ಕೋಶಗಳಿವೆ, ಜೀವ ಇಲ್ಲ. ಅಂದಮೇಲೆ "ಕೋಶಗಳಿಂದ ಆಗಿದೆ, ಆದ್ದರಿಂದ ಜೀವಂತ" ಎಂದು ಹೇಳಿದವರು ಇನ್ನೊಂದು ಮೆಟ್ಟಿಲು ಹತ್ತಲೇಬೇಕು.

ಆ ಮೆಟ್ಟಿಲು ಉಸಿರಾಟ. ಬದುಕಿರುವ ಕೋಶ ಸಕ್ಕರೆಯನ್ನು ಆಮ್ಲಜನಕದೊಂದಿಗೆ ಸುಟ್ಟು ಶಕ್ತಿ ಪಡೆಯುತ್ತದೆ; ಇಂಗಾಲದ ಡೈಆಕ್ಸೈಡ್, ನೀರು, ಬಿಸಿ ಹೊರಬರುತ್ತವೆ. ಕಿತ್ತ ಪೇರಲ ಹೀಗೆ ಮಾಡುತ್ತದೆಯೆ ಎಂದು ನೋಡಲು ಎಲೆಅಡಿಕೆಗೆ ಬಳಸುವ ಸುಣ್ಣ ಸಾಕು. ಸುಣ್ಣವನ್ನು ನೀರಿನಲ್ಲಿ ಕದಡಿ, ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಅಗಲ ಬಾಯಿಯ ಮೂರು ಬಾಟಲಿ ತೆಗೆದುಕೊಳ್ಳಿ. ಮೂರರಲ್ಲೂ ಪುಟ್ಟ ಬಟ್ಟಲಿನಲ್ಲಿ ಆ ತಿಳಿನೀರು ಇಡಿ. ಒಂದಕ್ಕೆ ಹಸಿ ಪೇರಲ, ಇನ್ನೊಂದಕ್ಕೆ ಚೆನ್ನಾಗಿ ಕುದಿಸಿ ಆರಿಸಿದ ಪೇರಲ ಹಾಕಿ; ಮೂರನೆಯದನ್ನು ಖಾಲಿ ಬಿಡಿ. ಬಾಯಿ ಬಿಗಿದು ಮುಚ್ಚಿ. ಮರುದಿನ ಹಸಿ ಹಣ್ಣಿನ ಬಾಟಲಿಯಲ್ಲಿ ತಿಳಿನೀರು ಹಾಲಿನಂತೆ ಬೆಳ್ಳಗಾಗಿರುತ್ತದೆ. ಉಳಿದೆರಡರಲ್ಲಿ ಬಾಟಲಿಯೊಳಗಿನ ಗಾಳಿಯಿಂದಾದ ತೆಳು ಪೊರೆಯಷ್ಟೇ ಕಾಣಬೇಕು.

ಕುದಿಸಿದ ಹಣ್ಣು ಯಾಕೆ ಬೇಕು ಎಂದು ವಿದ್ಯಾರ್ಥಿಗಳು ಕೇಳಬೇಕು. ಕೇಳದಿದ್ದರೆ ಅಧ್ಯಾಪಕರು ಕೇಳಿಸಬೇಕು. ಅನಿಲ ಬರಲು ಹಣ್ಣು ಇದ್ದರೆ ಸಾಲದು, ಅದು ಬದುಕಿರಬೇಕು ಎಂದು ತೋರಿಸಲು ಅದು ಬೇಕು. ಆದರೂ ಇನ್ನೊಂದು ಸಂಶಯ ಉಳಿಯುತ್ತದೆ. ಹಣ್ಣಿನ ಸಿಪ್ಪೆಯ ಮೇಲೆ ಬೂಷ್ಟು, ಯೀಸ್ಟ್, ಬ್ಯಾಕ್ಟೀರಿಯಾ ಇರುತ್ತವೆ, ಅವೂ ಉಸಿರಾಡುತ್ತವೆ. ಬಂದ ಅನಿಲ ಹಣ್ಣಿನದೋ ಅವುಗಳದೋ? ಕುದಿಸಿದ ಹಣ್ಣನ್ನು ನಾಲ್ಕು ದಿನ ಹಾಗೆಯೇ ಬಿಟ್ಟರೆ ಅದರ ಮೇಲೂ ಬೂಷ್ಟು ಹತ್ತಿ ಸುಣ್ಣದ ನೀರು ಬೆಳ್ಳಗಾಗುತ್ತದೆ, ಅದು ಹಣ್ಣು ಮತ್ತೆ ಬದುಕಿದ್ದಕ್ಕೆ ಸಾಕ್ಷಿಯಲ್ಲ. ಆದ್ದರಿಂದ ಮೊದಲ ದಿನದ ಫಲಿತಾಂಶವನ್ನೇ ನೋಡಬೇಕು, ಹಸಿ ಹಣ್ಣನ್ನು ಚೆನ್ನಾಗಿ ತೊಳೆದಿರಬೇಕು. ಇಷ್ಟು ಎಚ್ಚರ ಇಲ್ಲದೆ ಮಾಡಿದ ಪ್ರಯೋಗ ಪ್ರಯೋಗವಲ್ಲ, ಪ್ರದರ್ಶನ ಎಂದು ನಾನು ನಂಬಿದ್ದೇನೆ.

ಬಿಸಿಯ ವಿಚಾರ ಸಿಂಧನೂರಿನವರಿಗೆ ನಾನು ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಕೊಯ್ದು, ಹಸಿ ಇರುವಾಗಲೇ ರಾಶಿ ಹಾಕಿ ತಾಡಪಾಲು ಮುಚ್ಚಿದವರು ಮರುದಿನ ರಾಶಿಯೊಳಗೆ ಕೈ ಇಟ್ಟರೆ ಕಾವು ತಗಲುತ್ತದೆ. ಸರ್ಕಾರದ ಖರೀದಿ ಕೇಂದ್ರಗಳಲ್ಲಿ ಭತ್ತದ ತೇವಾಂಶ ಶೇಕಡಾ 17ಕ್ಕಿಂತ ಹೆಚ್ಚಿರಬಾರದು ಎಂಬ ನಿಯಮ ಇರುವುದಕ್ಕೆ ಒಂದು ಕಾರಣ ಈ ಕಾವು. ಕಾಳು ಒದ್ದೆ ಇದ್ದಷ್ಟೂ ಅದರೊಳಗಿನ ಜೀವ ಜೋರಾಗಿ ಉಸಿರಾಡುತ್ತದೆ, ಬಿಸಿಯಾಗುತ್ತದೆ, ಬೂಷ್ಟು ಸೇರಿಕೊಳ್ಳುತ್ತದೆ, ಇನ್ನೂ ಬಿಸಿಯಾಗುತ್ತದೆ. ಭತ್ತವನ್ನು ಹಣ್ಣಿನ ಉಪನ್ಯಾಸಕ್ಕೆ ಯಾಕೆ ತಂದಿರಿ ಎನ್ನಬೇಡಿ, ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೆಯ ಸಾಕ್ಷಿ ಕೋಶದ ಪೊರೆಯದು. ಜೀವಂತ ಕೋಶಕ್ಕೆ ಗೋಡೆಯ ಒಳಗೆ ಒಂದು ತೆಳು ಪೊರೆ ಇರುತ್ತದೆ. ಏನನ್ನು ಒಳಗೆ ಬಿಡಬೇಕು, ಏನನ್ನು ಬಿಡಬಾರದು ಎಂಬುದನ್ನು ಆರಿಸುವುದು ಆ ಪೊರೆ. ಕೋಶ ಸತ್ತರೆ ಆ ಆಯ್ಕೆ ನಿಲ್ಲುತ್ತದೆ, ಗೋಡೆ ಮಾತ್ರ ಉಳಿಯುತ್ತದೆ. ಲಿಂಗಸುಗೂರಿನ ಕಡೆಯ ದಾಳಿಂಬೆಯನ್ನು ತೆಗೆದುಕೊಳ್ಳಿ. ಕಾಳು ಒಡೆಯದಂತೆ ಬಿಡಿಸಿ, ಒಂದೆರಡು ಸಲ ತೊಳೆದು, ಅರ್ಧದಷ್ಟನ್ನು ತಣ್ಣೀರಿಗೆ, ಅರ್ಧದಷ್ಟನ್ನು ಕುದಿಯುವ ನೀರಿಗೆ ಹಾಕಿ. ತಣ್ಣೀರು ಹೊತ್ತು ಕಳೆದರೂ ಹೆಚ್ಚು ಕಡಿಮೆ ತಿಳಿಯಾಗಿಯೇ ಇರುತ್ತದೆ. ಕುದಿನೀರು ಕೆಂಪಾಗುತ್ತಾ ಬರುತ್ತದೆ, ಕಾಳು ಬೆಳ್ಳಗೆ ಸಪ್ಪಗಾಗುತ್ತದೆ. ಆ ಕೆಂಪು ಬಣ್ಣ ಕೋಶದ ನಡುವಿನ ರಸಕುಹರದಲ್ಲಿ, ಪೊರೆಗಳ ಕಾವಲಿನಲ್ಲಿ ಇತ್ತು. ಬಿಸಿಗೆ ಪೊರೆ ಹಾಳಾದಾಗ ಕಾವಲು ಹೋಯಿತು. ಬದನೆಕಾಯಿಯ ನೇರಳೆ ಸಿಪ್ಪೆಯಲ್ಲೂ ಇದನ್ನೇ ನೋಡಬಹುದು, ಬದನೆಯೂ ಹಣ್ಣೇ.

ಇನ್ನೊಂದು, ತಾಯಂದಿರು ದಿನವೂ ಮಾಡುವುದು. ಬಾಡಿದ ಸೌತೆಕಾಯಿಯ ಹೋಳನ್ನು ತಣ್ಣೀರಿನಲ್ಲಿ ಹಾಕಿಟ್ಟರೆ ಸ್ವಲ್ಪ ಹೊತ್ತಿಗೆ ಮತ್ತೆ ಬಿರುಸಾಗುತ್ತದೆ. ಬೇಯಿಸಿದ ಹೋಳನ್ನು ಎಷ್ಟು ಹೊತ್ತು ನೀರಿನಲ್ಲಿಟ್ಟರೂ ಮೆತ್ತಗೇ ಇರುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬು ಟೈರನ್ನು ಬಿಗಿಯಾಗಿ ನಿಲ್ಲಿಸಿದ ಹಾಗೆ, ಪೊರೆಯೊಳಗೆ ತುಂಬಿದ ನೀರು ಗೋಡೆಯನ್ನು ಬಿಗಿಯಾಗಿ ನಿಲ್ಲಿಸುತ್ತದೆ. ಬೇಯಿಸಿದ್ದು ತೂತು ಬಿದ್ದ ಟ್ಯೂಬು. ಹಸಿ ಮಾವಿನ ಹೋಳಿಗೆ ಉಪ್ಪು ಸವರಿದಾಗ ನೀರು ಒಸರುವುದಕ್ಕೂ ಇದೇ ಪೊರೆ ಕಾರಣ. ಹಾಗೆ ನೀರನ್ನೆಲ್ಲ ಎಳೆದುಕೊಂಡು ಉಪ್ಪು ಹೋಳಿನ ಕೋಶವನ್ನು ಕೊಲ್ಲುತ್ತದೆ, ಅದರಲ್ಲಿ ಬರಬಹುದಾದ ಬೂಷ್ಟಿನ ಕೋಶಕ್ಕೂ ಅದೇ ಗತಿಯಾಗುವುದರಿಂದ ಉಪ್ಪಿನಕಾಯಿ ವರ್ಷಗಟ್ಟಲೆ ಇರುತ್ತದೆ.

ಜಗದೀಶಚಂದ್ರ ಬೋಸರು ಇದೇ ಪ್ರಶ್ನೆಯನ್ನು ವಿದ್ಯುತ್ತಿನಿಂದ ಕೇಳಿದರು. 1902ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಗಜ್ಜರಿ, ಮೂಲಂಗಿಯಂಥ ಕಿತ್ತ ತರಕಾರಿಗಳಿಗೆ ಪೆಟ್ಟು ಕೊಟ್ಟು, ಅವು ಕೊಡುವ ಸಣ್ಣ ವಿದ್ಯುತ್ ಪ್ರತಿಕ್ರಿಯೆಯನ್ನು ದಾಖಲಿಸಿದ್ದಾರೆ. ಬಿಸಿ ತಗಲಿಸಿ ಕೊಂದ ಮೇಲೆ ಆ ಪ್ರತಿಕ್ರಿಯೆ ಇಲ್ಲವಾಗುವುದನ್ನೂ ತೋರಿಸಿದ್ದಾರೆ. ಲೋಹಗಳಿಗೂ ಜೀವಿಗಳಂತೆ ಪ್ರತಿಕ್ರಿಯೆ ಇದೆ ಎಂದು ಅವರು ಹೇಳಿದ್ದನ್ನು ಎಲ್ಲರೂ ಒಪ್ಪಲಿಲ್ಲ. ಹಸಿಯದನ್ನೂ ಕೊಂದದ್ದನ್ನೂ ಪಕ್ಕಪಕ್ಕ ಇಟ್ಟು ಕೇಳುವ ಅವರ ಕ್ರಮ ಮಾತ್ರ ನಮ್ಮ ಸುಣ್ಣದ ನೀರಿನ ಪ್ರಯೋಗದ ಕ್ರಮವೇ.

ಈಗ ಒಂದು ಕ್ಷಣ ಮಸ್ಕಿಯ ಬಂಡೆಯ ಹತ್ತಿರ ಬನ್ನಿ. ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಹೆಸರಿನ ಶಾಸನಗಳು ದೇಶದ ತುಂಬ ಸಿಕ್ಕಿದ್ದವು. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ. ಆ ದೊರೆ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಊಹಿಸಿದರು. ಊಹೆ ಬಲವಾಗಿತ್ತು, ಆದರೆ ಊಹೆಯೇ ಆಗಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿಯ ಬಂಡೆಯನ್ನು ಗುರುತಿಸಿದಾಗ ಅದರ ಮೇಲೆ ಅಶೋಕ ಎಂಬ ಹೆಸರೇ ಇತ್ತು. ಆಮೇಲೆ ಸಿಂಧನೂರಿಗೆ ಹೊಳೆಯಾಚೆಯ ನಿಟ್ಟೂರು, ಉದೆಗೊಳಂ ಶಾಸನಗಳಲ್ಲೂ ಆ ಹೆಸರು ಸಿಕ್ಕಿತು. ಇತಿಹಾಸದ ಪ್ರಶ್ನೆಗೆ ಹೀಗೆ ಒಂದೇ ಬಂಡೆ ಕೊನೆಯ ಉತ್ತರ ಕೊಡುವುದುಂಟು. ಹಣ್ಣಿಗೆ ಜೀವ ಇದೆಯೆ ಎಂಬ ಪ್ರಶ್ನೆಗೆ ಅಂಥ ಬಂಡೆ ಸಿಗುವುದಿಲ್ಲ. ಉಸಿರು ಒಂದು ಕಡೆಯಿಂದ, ಪೊರೆ ಒಂದು ಕಡೆಯಿಂದ, ಪೆಟ್ಟಿಗೆ ಕೊಡುವ ಪ್ರತಿಕ್ರಿಯೆ ಇನ್ನೊಂದು ಕಡೆಯಿಂದ ಬಂದು ಒಂದೇ ಮಾತು ಹೇಳಿದಾಗ ನಂಬಬೇಕು. ಜೀವವಿಜ್ಞಾನದ ಬಹಳಷ್ಟು ತಿಳಿವಳಿಕೆ ಬಂದಿರುವುದು ಹೀಗೆಯೇ, ಪ್ರಿನ್ಸೆಪ್‌ನ ಕಾಲದ ವಿದ್ವಾಂಸರ ದಾರಿಯಲ್ಲಿ.

ಆ ಎಲ್ಲ ಸಾಕ್ಷಿಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಮಾಗುವಿಕೆ. ಹಣ್ಣಾಗುವುದು ಎಂದರೆ ಕೊಳೆಯುವುದರ ಮೊದಲ ಹೆಜ್ಜೆ, ಕಾಯಿ ತನ್ನಷ್ಟಕ್ಕೆ ಹಾಳಾಗುತ್ತಾ ಹೋಗುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಕೆಲಸ. ಬಾಳೆಕಾಯಿಯ ತಿರುಳಿನಲ್ಲಿ ಐದನೆಯ ಒಂದು ಪಾಲಿನಷ್ಟು ಪಿಷ್ಟ ಇರುತ್ತದೆ. ಹಣ್ಣಾಗುವ ಹೊತ್ತಿಗೆ ಶೇಕಡಾ ಒಂದೆರಡಕ್ಕೆ ಇಳಿದು, ಉಳಿದದ್ದೆಲ್ಲ ಸಕ್ಕರೆಯಾಗಿರುತ್ತದೆ. ಪಿಷ್ಟವನ್ನು ಒಡೆಯುವ ಕಿಣ್ವ, ಗೋಡೆಯನ್ನು ಮೆದು ಮಾಡುವ ಕಿಣ್ವ, ಪರಿಮಳ ಕೂಡಿಸುವ ಕಿಣ್ವ, ಇವುಗಳಲ್ಲಿ ಎಷ್ಟನ್ನೋ ಕಿತ್ತ ಕಾಯಿಯ ಕೋಶಗಳು ಹೊಸದಾಗಿ ತಯಾರಿಸುತ್ತವೆ. 1960ರ ದಶಕದಲ್ಲಿ ಪೇರ್ ಹಣ್ಣಿನ ಮೇಲೆ ನಡೆದ ಪ್ರಯೋಗಗಳಲ್ಲಿ ಪ್ರೋಟೀನ್ ತಯಾರಿಕೆಯನ್ನು ತಡೆಯುವ ಮದ್ದು ಕೊಟ್ಟಾಗ ಮಾಗುವುದೇ ನಿಂತುಹೋಯಿತು. ಸತ್ತದ್ದು ಹೊಸ ಕಿಣ್ವ ಮಾಡುವುದಿಲ್ಲ.

ಕೇಂಬ್ರಿಜ್‌ನಲ್ಲಿ 1920ರ ದಶಕದಲ್ಲಿ ಕಿಡ್ ಮತ್ತು ವೆಸ್ಟ್ ಎಂಬ ಇಬ್ಬರು ಸೇಬಿನ ಉಸಿರಾಟವನ್ನು ದಿನದಿನವೂ ಅಳೆದರು. ಮಾಗುವ ಘಟ್ಟದಲ್ಲಿ ಅದು ಒಮ್ಮೆಲೇ ಏರಿ, ತುದಿ ಮುಟ್ಟಿ, ಇಳಿಯುವುದನ್ನು ಕಂಡರು. ಮಾವು, ಬಾಳೆ, ಪಪ್ಪಾಯಿ, ಸೀತಾಫಲ, ಚಿಕ್ಕು, ಟೊಮೆಟೊ ಹೀಗೆ ಏರುಸಿರು ಬಿಡುವ ಜಾತಿಯವು. ಕಾಯಿಯಾಗಿ ಕಿತ್ತರೂ ಹಣ್ಣಾಗುತ್ತವೆ. ದಾಳಿಂಬೆ, ಲಿಂಬಿ, ಮೋಸಂಬಿ, ದ್ರಾಕ್ಷಿ ಹಾಗಲ್ಲ. ಕಿತ್ತಾಗ ಹುಳಿಯಿದ್ದರೆ ಹುಳಿಯೇ. ಅವೂ ಬದುಕಿರುತ್ತವೆ, ನಿಧಾನವಾಗಿ ಉಸಿರಾಡುತ್ತಾ ಇರುತ್ತವೆ, ಅಷ್ಟೆ. ಮಾಗುವ ಹಣ್ಣೇ ಎಥಿಲೀನ್ ಅನಿಲ ಬಿಡುತ್ತದೆ ಎಂದು 1934ರಲ್ಲಿ ರಿಚರ್ಡ್ ಗೇನ್ ಸಾಧಿಸಿ ತೋರಿಸಿದ. ಮಾವಿನಕಾಯಿಯನ್ನು ಭತ್ತದ ಹುಲ್ಲಿನಲ್ಲಿ ಹೂತಿಟ್ಟು ನಡುವೆ ಒಂದೆರಡು ಹಣ್ಣು ಸೇರಿಸುವ ನಮ್ಮ ಅಜ್ಜಿಯರಿಗೆ ಆ ಅನಿಲದ ಹೆಸರು ಬೇಕಾಗಿರಲಿಲ್ಲ. ಒಂದು ಹಣ್ಣು ಬಿಟ್ಟ ಅನಿಲವನ್ನು ಪಕ್ಕದ ಕಾಯಿ ಗ್ರಹಿಸಿ, ತಾನೂ ಮಾಗಲು ತೊಡಗಿ, ತಾನೂ ಆ ಅನಿಲ ಬಿಡುತ್ತದೆ. 2013ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಜಾನೆಟ್ ಬ್ರಾಮ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಕೊಯ್ದ ಎಲೆಕೋಸನ್ನು ಹಗಲುರಾತ್ರಿಯ ಬೆಳಕು ಕತ್ತಲೆಯಲ್ಲಿ ಇಟ್ಟರೆ ಅದರ ಒಳಗಡಿಯಾರ ಆ ಲಯಕ್ಕೆ ಹೊಂದಿಕೊಳ್ಳುತ್ತದೆ, ಹುಳ ತಿನ್ನುವ ಹೊತ್ತಿಗೆ ಸರಿಯಾಗಿ ತನ್ನ ಕಹಿಯ ರಕ್ಷಣೆಯನ್ನು ಹೆಚ್ಚಿಸಿಕೊಳ್ಳುತ್ತದೆ ಎಂದು ತೋರಿಸಿದರು.

ಇಷ್ಟಾದ ಮೇಲೆ "ಹಣ್ಣು ಜೀವಂತ" ಎಂದು ಬರೆದು ಕೆಳಗೆ ಗೆರೆ ಎಳೆಯಬಹುದೆ? ನನ್ನ ಅಭಿಪ್ರಾಯದಲ್ಲಿ ಕಷ್ಟದ ಭಾಗ ಈಗ ಶುರುವಾಗುತ್ತದೆ. ಪೇರಲವನ್ನು ಕಚ್ಚಿದಾಗ ಹಲ್ಲಿಗೆ ಮರಳಿನಂತೆ ಸಿಗುವ ಕಣಗಳಿವೆಯಲ್ಲ, ಅವು ಕಲ್ಲುಕೋಶಗಳು. ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತಾ ಕೊನೆಗೆ ಸತ್ತವು. ಮಾವಿನ ನಾರಿನೊಳಗೆ ನೀರು ಸಾಗಿಸಿದ ಕೊಳವೆಗಳು ಸತ್ತ ಕೋಶಗಳು. ಅವು ಸತ್ತು ಟೊಳ್ಳಾದದ್ದರಿಂದಲೇ ನೀರು ಹರಿಯಿತು. ಅದೇ ನಾರಿನಲ್ಲಿ ಸಕ್ಕರೆ ಸಾಗಿಸುವ ಕೊಳವೆಯ ಕೋಶಗಳು ಜೀವಂತ, ಆದರೆ ಅವುಗಳಲ್ಲಿ ಕೋಶಕೇಂದ್ರವಿಲ್ಲ. ಮೋಸಂಬಿಯ ತೊಳೆಯಲ್ಲಿ ಕಾಣುವ ಉದ್ದನೆಯ ರಸಚೀಲವನ್ನೇ ಒಂದು ಕೋಶ ಎಂದು ಮಕ್ಕಳು ತಿಳಿಯುವುದುಂಟು. ಅದು ಬಹಳ ಕೋಶಗಳು ಸೇರಿ ಆದದ್ದು. ಶೇಂಗಾದ ಸಿಪ್ಪೆ ಹಣ್ಣಿನ ಗೋಡೆ, ಒಣಗಿದಾಗ ಸತ್ತದ್ದು. ಒಳಗಿನ ಬೀಜ ಜೀವಂತ, ಹುರಿಯುವವರೆಗೆ.

ಕಣದಲ್ಲಿ ಹರವಿದ ಒಣಮೆಣಸಿನಕಾಯಿ ಇದಕ್ಕೆಲ್ಲ ಕಣ್ಣಿಗೆ ಕಾಣುವ ಪುರಾವೆ. ಕೆಂಪು ಸಿಪ್ಪೆ ಗರಿಗರಿಯಾಗಿ ಸತ್ತಿದೆ, ನೀರಿನಲ್ಲಿ ನೆನೆಹಾಕಿದರೆ ಮೆತ್ತಗಾಗುತ್ತದೆಯೇ ಹೊರತು ಮತ್ತೆ ಹಸಿಕಾಯಿಯ ಬಿರುಸು ಬರುವುದಿಲ್ಲ. ಅದನ್ನೇ ಒಡೆದು ಬೀಜ ತೆಗೆದು ಮಡಿಗೆ ಚೆಲ್ಲಿದರೆ ಸಸಿ ಏಳುತ್ತದೆ. ಒಂದೇ ಹಣ್ಣಿನಲ್ಲಿ ಬೆರಳಗಲದ ಅಂತರದಲ್ಲಿ ಸಾವೂ ಬದುಕೂ ಇವೆ. ಬೀಜಕ್ಕೆ ಮಾತ್ರ ಜೀವ ಎಂದ ಆ ಒಬ್ಬಿಬ್ಬರು ಮಕ್ಕಳ ಮಾತು ಒಣಮೆಣಸಿನಕಾಯಿಯ ಮಟ್ಟಿಗೆ ಸರಿ, ಪೇರಲದ ಮಟ್ಟಿಗೆ ತಪ್ಪು. ಅಂದಹಾಗೆ ಈ ಪೇರಲ, ಪಪ್ಪಾಯಿ, ಟೊಮೆಟೊ, ಮೆಣಸಿನಕಾಯಿ, ಶೇಂಗಾ ಎಲ್ಲವೂ ಅಮೆರಿಕ ಖಂಡಗಳಿಂದ ಬಂದವು. ಸಸ್ಯಗಳ ಒಳರಚನೆಯನ್ನೇ ಬದುಕಿನ ಅಧ್ಯಯನ ಮಾಡಿಕೊಂಡಿದ್ದ ಬಿ.ಜಿ.ಎಲ್. ಸ್ವಾಮಿಯವರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂದು ಒಂದು ಪುಸ್ತಕವನ್ನೇ ಬರೆದಿದ್ದಾರೆ. ವಿದ್ಯಾರ್ಥಿಗಳು ಅದನ್ನು ಓದಬೇಕು, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರ 'ಹಸುರು ಹೊನ್ನು' ಪುಸ್ತಕವನ್ನೂ ಓದಬೇಕು.

ಭತ್ತಕ್ಕೆ ಬರುತ್ತೇನೆ ಎಂದಿದ್ದೆ. ಭತ್ತದ ಹೊಟ್ಟು ಹೂವಿನ ಹೊರಕವಚ. ಅದನ್ನು ತೆಗೆದರೆ ಸಿಗುವ ಕಂದು ಬಣ್ಣದ ಅಕ್ಕಿ, ಪೂರ್ತಿಯಾಗಿ, ಒಂದು ಹಣ್ಣು. ಅಲ್ಲಿ ಹಣ್ಣಿನ ಗೋಡೆ ಬೀಜದ ಸಿಪ್ಪೆಗೆ ಬಿಡಿಸಲಾರದಂತೆ ಅಂಟಿಕೊಂಡಿದೆ, ಜೋಳ, ಸಜ್ಜೆಯಲ್ಲೂ ಹಾಗೆಯೇ. ಕಾಳು ಬಲಿಯುತ್ತಾ ಬಂದಂತೆ ಒಳಗಿನ ಪಿಷ್ಟ ತುಂಬಿದ ಕೋಶಗಳು ಸಾಯುತ್ತವೆ. ಸಾಯುವುದು ಅಪಘಾತದಿಂದಲ್ಲ, ಗಿಡದ ಕ್ರಮದಂತೆಯೇ. ಅವುಗಳ ಸುತ್ತ ಒಂದು ತೆಳು ಪದರ, ಒಂದು ತುದಿಯಲ್ಲಿ ಮೊಳಕೆ, ಇವೆರಡು ಮಾತ್ರ ಬದುಕಿರುತ್ತವೆ. ನೀರು ಬಿದ್ದಾಗ ಮೊಳಕೆ ಸಂದೇಶ ಕಳಿಸುತ್ತದೆ, ಆ ಪದರ ಕಿಣ್ವ ಸುರಿಸುತ್ತದೆ, ಸತ್ತ ಕೋಶಗಳ ಪಿಷ್ಟ ಕರಗಿ ಮೊಳಕೆಗೆ ಊಟವಾಗುತ್ತದೆ. ಸಿಂಧನೂರಿನ ಮಿಲ್ಲುಗಳಲ್ಲಿ ಸೋನಾ ಮಸೂರಿಯನ್ನು ಬೆಳ್ಳಗೆ ಪಾಲಿಶ್ ಮಾಡುವಾಗ ತೌಡಿನ ಜೊತೆ ಹೋಗುವುದು ಆ ಪದರವೂ ಆ ಮೊಳಕೆಯೂ. ಅಂದರೆ ಬದುಕಿದ್ದ ಭಾಗವೆಲ್ಲ ತೌಡಾಯಿತು, ಸತ್ತ ಭಾಗ ಅನ್ನಕ್ಕೆ ಬಂತು. ಭತ್ತ ಮೊಳೆಯುತ್ತದೆ, ಅಕ್ಕಿ ಮೊಳೆಯುವುದಿಲ್ಲ ಎಂಬುದು ಪ್ರತಿ ರೈತನಿಗೂ ಗೊತ್ತು, ಅದಕ್ಕೆ ಕಾರಣ ಇದೇ. ತೌಡಿನಲ್ಲಿ ಎಣ್ಣೆ, ಜೀವಸತ್ವ ಹೆಚ್ಚಿರುವುದಕ್ಕೂ, ಅದು ಬೇಗ ಕಮಟು ಹಿಡಿಯುವುದಕ್ಕೂ ಬುಡ ಇಲ್ಲಿಯೇ ಇದೆ.

ಇನ್ನೂ ಒಂದು ವಿಚಾರ ಹೇಳದೆ ಮುಂದೆ ಹೋಗಲಾರೆ. ಪೇರಲದ ತಿರುಳು ಯಾರದು? ಬೀಜದ್ದಲ್ಲ, ತಾಯಿಗಿಡದ್ದು. ಹಣ್ಣಿನ ಗೋಡೆಯ ಪ್ರತಿ ಕೋಶವೂ ತಾಯಿಗಿಡದ ಎಲೆ, ಕಾಂಡಗಳ ಅದೇ ವಂಶವಾಹಿಗಳನ್ನು ಹೊತ್ತಿರುತ್ತದೆ. ಬೀಜದೊಳಗಿನ ಮೊಳಕೆ ಮಾತ್ರ ಹೊಸ ತಲೆಮಾರು, ಅದಕ್ಕೆ ಪರಾಗ ಕೊಟ್ಟ ತಂದೆಯೂ ಇದ್ದಾನೆ. ದಾಳಿಂಬೆಯಲ್ಲಿ ನಾವು ತಿನ್ನುವ ಕೆಂಪು ರಸ ಬೀಜದ ಹೊರಸಿಪ್ಪೆ, ಅದೂ ತಾಯಿಯದೇ. ಆದ್ದರಿಂದಲೇ ಕಸಿ ಮಾಡಿದ ಗಿಡದಲ್ಲಿ ಯಾವ ಪರಾಗ ಬಿದ್ದರೂ ಹಣ್ಣಿನ ರುಚಿ ಹೆಚ್ಚುಕಡಿಮೆ ಅದೇ ಇರುತ್ತದೆ, ಬೀಜದಿಂದ ಬೆಳೆಸಿದ ಗಿಡದಲ್ಲಿ ರುಚಿ ಕೈಕೊಡುತ್ತದೆ.

ಈ ನಾಡಿನಲ್ಲಿ ಹಣ್ಣಿನ ಜೀವದ ಪ್ರಶ್ನೆಯನ್ನು ಸೂಕ್ಷ್ಮದರ್ಶಕ ಬರುವ ಮೊದಲೇ ಗಂಭೀರವಾಗಿ ಕೇಳಿದವರು ಜೈನರು. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಗೃಹಸ್ಥನು ಏರಬೇಕಾದ ಹನ್ನೊಂದು ಹಂತಗಳಿವೆ. ಐದನೆಯದು ಸಚಿತ್ತತ್ಯಾಗ: ಹಸಿ ಬೇರು, ಹಣ್ಣು, ಸೊಪ್ಪು, ಗೆಡ್ಡೆ, ಹೂವು, ಬೀಜಗಳನ್ನು ತಿನ್ನದಿರುವುದು. ಬೇಯಿಸಿದ ಮೇಲೆ ಅದು ಅಚಿತ್ತ, ಜೀವವಿಲ್ಲದ್ದು. ಅವರು ಹೇಳುವ ಜೀವ ಆತ್ಮ, ನಾನು ಹೇಳುತ್ತಿರುವುದು ಕೋಶದ ಉಸಿರಾಟ. ಎರಡನ್ನೂ ಒಂದು ಮಾಡಿ ಧರ್ಮವನ್ನು ವಿಜ್ಞಾನ ಎತ್ತಿಹಿಡಿಯಿತು ಎಂದು ಹೇಳುವುದು ಎರಡಕ್ಕೂ ಅನ್ಯಾಯ. ಆದರೆ ಕಿತ್ತ ಹಣ್ಣು ಇನ್ನೂ ಬದುಕಿದೆ, ಬೆಂಕಿ ಅದರ ಬದುಕನ್ನು ಮುಗಿಸುತ್ತದೆ ಎಂಬ ಗಮನ ಅವರದು, ಅದನ್ನು ನಾನು ಗೌರವದಿಂದ ನೆನೆಯುತ್ತೇನೆ. ಹಾಗಾದರೆ ಹಸಿ ಹಣ್ಣು ತಿನ್ನುವುದು ಹಿಂಸೆಯೆ ಎಂದು ಮಕ್ಕಳು ಕೇಳುತ್ತಾರೆ. ಹಣ್ಣಿಗೆ ನರಗಳಿಲ್ಲ, ಮಿದುಳಿಲ್ಲ, ನೋವನ್ನು ಅನುಭವಿಸುವ ಅಂಗ ಯಾವುದೂ ಇಲ್ಲ. ರಸಭರಿತ ತಿರುಳನ್ನು ಗಿಡ ಮಾಡಿರುವುದೇ ಹಕ್ಕಿಯೋ ಕೋತಿಯೋ ಮನುಷ್ಯನೋ ತಿಂದು ಬೀಜವನ್ನು ದೂರ ಒಯ್ಯಲಿ ಎಂದು.

ಹಾಗಿದ್ದರೆ ಹಣ್ಣು ಸಾಯುವುದು ಯಾವಾಗ? ಮನುಷ್ಯನಿಗೆ ಬರೆದಂತೆ ಅದಕ್ಕೆ ಸಾವಿನ ಗಳಿಗೆ ಬರೆಯಲು ಬರುವುದಿಲ್ಲ. ಕೊಯ್ದ ಹೋಳು ಸತ್ತಿರುವುದಿಲ್ಲ. ಗಾಯವಾದ್ದರಿಂದ ಇನ್ನೂ ಜೋರಾಗಿ ಉಸಿರಾಡುತ್ತದೆ. ಚಾಕು ತಗಲಿದ ಕೋಶಗಳು ಮಾತ್ರ ಒಡೆದು ಕಂದಾಗುತ್ತವೆ. ಜ್ಯೂಸ್ ಮಾಡಿದರೆ ಕೋಶಗಳು ಚೂರಾಗುತ್ತವೆ. ಫ್ರೀಜರಿನಲ್ಲಿಟ್ಟರೆ ಹಿಮದ ಹರಳು ಪೊರೆಯನ್ನು ಸೀಳುತ್ತದೆ, ಹೊರತೆಗೆದಾಗ ಹಣ್ಣು ನೀರುನೀರಾಗುತ್ತದೆ. ಬಾಳೆಯನ್ನು 13 ಡಿಗ್ರಿಗಿಂತ ತಣ್ಣಗಿಟ್ಟರೆ ಸಿಪ್ಪೆಯ ಕೋಶಗಳ ಪೊರೆ ಕೆಟ್ಟು ಕಪ್ಪಾಗುತ್ತದೆ. ಹೀಗೆ ಹಣ್ಣು ಕೋಶಕೋಶವಾಗಿ ಸಾಯುತ್ತದೆ. ಕೊಳೆತ ಪಪ್ಪಾಯಿಯಲ್ಲೂ ಗಟ್ಟಿಯಾಗಿರುವ ಭಾಗ ಇನ್ನೂ ಉಸಿರಾಡುತ್ತಿರುತ್ತದೆ.

ಇದನ್ನೆಲ್ಲ ಈ ಮೂರು ತಾಲೂಕುಗಳಲ್ಲಿ ನಿಂತು ಹೇಳುವುದಕ್ಕೆ ನನಗಿರುವ ದೊಡ್ಡ ಕಾರಣ ಬಿಸಿಲು. ತಾಪಮಾನ ಹತ್ತು ಡಿಗ್ರಿ ಏರಿದರೆ ಹಣ್ಣಿನ ಉಸಿರಾಟ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಮುಚ್ಚಿಗೆಯಿಲ್ಲದೆ ಹೋಗುವ ಹಣ್ಣು ತನ್ನ ಸಕ್ಕರೆಯನ್ನು ತಾನೇ ಸುಟ್ಟುಕೊಳ್ಳುತ್ತಾ, ತನ್ನ ನೀರನ್ನು ಕಳೆದುಕೊಳ್ಳುತ್ತಾ ಹೋಗುತ್ತದೆ. ರೈತನ ತೂಕವೂ, ತಿನ್ನುವವರ ರುಚಿಯೂ ಆ ದಾರಿಯಲ್ಲೇ ಖರ್ಚಾಗುತ್ತವೆ. ನಮ್ಮಲ್ಲಿ ಬರುವ ದಪ್ಪ ಬಾಳೆಯ ಜಾತಿ 24 ಡಿಗ್ರಿಗಿಂತ ಬಿಸಿಯಲ್ಲಿ ಮಾಗಿದರೆ ಒಳಗೆ ಮೆತ್ತಗಾಗುತ್ತದೆ, ಸಿಪ್ಪೆ ಮಾತ್ರ ಹಸಿರು ಬಿಡುವುದಿಲ್ಲ. ಸಿಪ್ಪೆಯ ಕೋಶಗಳಿಗೆ ಪತ್ರಹರಿತ್ತು ಕಳೆದುಕೊಳ್ಳುವ ಕೆಲಸ ಆ ಬಿಸಿಯಲ್ಲಿ ಆಗುವುದಿಲ್ಲ.

ಬಣ್ಣ ಬರಿಸುವ ಅವಸರದಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಪೊಟ್ಟಣ ಇಡುವವರು ಇದ್ದಾರೆ. ಅದಕ್ಕೆ ತೇವ ತಗಲಿದಾಗ ಅಸಿಟಿಲೀನ್ ಬರುತ್ತದೆ. ಆ ಅನಿಲ ಎಥಿಲೀನ್‌ನ ಸೋಗು ಹಾಕಿ ಕೋಶವನ್ನು ಎಬ್ಬಿಸುತ್ತದೆ. ಬಲಿಯದ ಕಾಯಿಯೊಳಗೆ ಮಾಗಲು ಸಾಕಷ್ಟು ಸರಂಜಾಮೇ ಇಲ್ಲದಿರುವಾಗ ಸಿಪ್ಪೆ ಹಳದಿಯಾಗುತ್ತದೆ, ತಿರುಳು ಸಪ್ಪೆಯಾಗಿಯೇ ಉಳಿಯುತ್ತದೆ. ಮಾರುಕಟ್ಟೆಯ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದ ಅಂಶಗಳೂ ಇರುತ್ತವೆ. 2011ರ ಆಹಾರ ಸುರಕ್ಷತಾ ನಿಯಮಗಳು ಇದನ್ನು ನಿಷೇಧಿಸಿವೆ. ಎಥಿಲೀನ್ ಅನಿಲವನ್ನು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲಿನವರೆಗೆ ಬಳಸಲು ಅನುಮತಿ ಇದೆ. ಹಣ್ಣು ತಾನೇ ಮಾಡಿಕೊಳ್ಳುವ ವಸ್ತು ಅದು. ಬಲಿತ ಕಾಯಿ ಇರಬೇಕು, ಕೋಣೆ ತಣ್ಣಗಿರಬೇಕು, ಗಾಳಿ ಬದಲಾಗುತ್ತಿರಬೇಕು. ಉಳಿದದ್ದನ್ನು ಕೋಶ ನೋಡಿಕೊಳ್ಳುತ್ತದೆ.

ಆದ್ದರಿಂದ ರೈತ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟು: ಹಣ್ಣನ್ನು ಬೆಳಕು ಹರಿಯುವ ಹೊತ್ತಿಗೆ ಕಿತ್ತು ಮುಗಿಸಿ, ಗಿಡದ ನೆರಳಿನಲ್ಲೇ ಇರಿಸಿ, ರಾಶಿ ಎತ್ತರ ಮಾಡಬೇಡಿ, ಗಾಳಿಯಾಡುವ ಕ್ರೇಟಿನಲ್ಲಿ ತುಂಬಿ, ರಾತ್ರಿ ಸಾಗಿಸಿ. ಮಾಗಿದ ಮಾವು, ಪಪ್ಪಾಯಿಯ ಪಕ್ಕ ಸೌತೆ, ಬದನೆ ಇಡಬೇಡಿ. ಅಧ್ಯಾಪಕರಲ್ಲಿ ಕೋರಿಕೆ: ಮೂರು ಬಾಟಲಿ, ಒಂದು ಹಿಡಿ ಸುಣ್ಣ, ಎರಡು ಪೇರಲ ಹಣ್ಣು ಇಷ್ಟನ್ನು ಸೋಮವಾರವೇ ತರಗತಿಗೆ ಒಯ್ಯಿರಿ. ಬಾಟಲಿ ಮುಚ್ಚುವ ಮೊದಲು ಪ್ರತಿ ಮಗುವೂ ತನ್ನ ಊಹೆಯನ್ನೂ ಅದರ ಕಾರಣವನ್ನೂ ಪಟ್ಟಿಯಲ್ಲಿ ಬರೆದು ಸಹಿ ಹಾಕಲಿ. ಮರುದಿನ ಮುಚ್ಚಳ ತೆರೆಯುವುದು ಮಕ್ಕಳೇ ಆಗಿರಲಿ.